ಊಟಕ್ಕೆ ಬಂದುಹೋದ ಪಾರ್ವತವ್ವ

ಗುಡ್ನಾಪುರದ ಪಾರ್ವತವ್ವ ಇಪ್ಪತ್ಮೂರು ವರ್ಷಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಸೇರಿ ಇನ್ನೂರಕ್ಕೂ ಹೆಚ್ಚು ಮನೆಗಳಿಗೆ ಹೋಗಿಬಂದಿದ್ದಾಳೆ. ಕೆಲಸಕ್ಕೆಂದು ಒಂದು ಮನೆಗೂ ಹೋದವಳಲ್ಲ, ಎಲ್ಲ ಕಡೆಗೂ ಊಟಕ್ಕೇ ಹೋದದ್ದು. ಹಾಗಂತ ಆ ಅಷ್ಟೂ ಮನೆಯವರೂ ಹೇಳುತ್ತಾರೆ. ಬೇರೆ ಯಾವ ವಿಷಯಕ್ಕೂ ಒಂದಾಗದ ಮೂರು ತಾಲೂಕಿನ ಜನ ಈ ಒಂದು ಸುಳ್ಳಿಗೆ ಮಾತ್ರ ಎಷ್ಟು ಚೆನ್ನಾಗಿ ಒಂದಾಗಿದ್ದರು ಎಂದರೆ, ಪಾರ್ವತವ್ವನೇ ಅದನ್ನು ಅರ್ಧ ನಂಬಿಬಿಟ್ಟಿದ್ದಳು.

ನಿಜ ಸಂಗತಿ ಬೇರೆ. ಪಾರ್ವತವ್ವನಿಗೆ ಹೊಗೆಯ ಗುಟ್ಟು ಗೊತ್ತು. ಅಡುಗೆ ಒಲೆಯಿರಲಿ, ಬಚ್ಚಲ ಒಲೆಯಿರಲಿ, ಅಡಿಕೆ ಬೇಯಿಸುವ ದೊಡ್ಡ ಒಲೆಯಿರಲಿ, ಹೊಗೆ ಕೊಳವೆಯಲ್ಲಿ ಏರದೆ ಒಳಗೇ ಸುತ್ತುತ್ತಿದ್ದರೆ ಅದು ಯಾಕೆ ಎಂದು ಅವಳು ಹೇಳಬಲ್ಲಳು. ಗೋಡೆಗೆ ಬೆನ್ನು ಕೊಟ್ಟು ಕೂತು, ಒದ್ದೆ ತೆಂಗಿನ ಸಿಪ್ಪೆಯ ಚೂರೊಂದನ್ನು ಉರಿಗೆ ಹಾಕಿ, ಹೊಗೆ ಎತ್ತ ತಿರುಗುತ್ತದೆಂದು ನೋಡುತ್ತಾಳೆ. ಹೆಂಚಿನಡಿ ಮಸಿ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ನೋಡುತ್ತಾಳೆ. ಆಮೇಲೆ ಸೆಣಬಿನ ದಾರ ತೆಗೆದು ಒಲೆಯ ಬಾಯಿಯ ಅಗಲಕ್ಕೊಂದು ಗಂಟು, ಎತ್ತರಕ್ಕೊಂದು ಗಂಟು, ಕೊಳವೆಗೊಂದು ಗಂಟು ಹಾಕುತ್ತಾಳೆ. “ಬಾಯಿ ಈ ಗಂಟಿನ ಮಟ ಸಣ್ಣ ಮಾಡಸ್ರಿ. ಕೊಳವಿ ಮಾಡಿನ ಮ್ಯಾಲೆ ಇನ್ನ ಎರಡು ಮೊಳ ಏರಸ್ರಿ.” ಅಷ್ಟೇ. ಕಟ್ಟುವವನು ಗೌಂಡಿ. ಅವಳು ಒಂದು ಇಟ್ಟಿಗೆಯನ್ನೂ ಮುಟ್ಟುವುದಿಲ್ಲ. ಈಗ ಗ್ಯಾಸು ಬಂದಿದೆಯಲ್ಲ ಎನ್ನುವವರು ಒಂದು ಹಂಡೆ ಅಡಿಕೆಯನ್ನು ಸಿಲಿಂಡರಿನ ಮೇಲೆ ಬೇಯಿಸಿ ತೋರಿಸಲಿ, ಆಮೇಲೆ ಮಾತಾಡೋಣ.

ಆದರೆ “ನಮ್ಮ ಮನೆ ಹೊಗೆಯಾಡುತ್ತದೆ, ಬಂದು ನೋಡು” ಎಂದು ಬಾಯಿಬಿಟ್ಟು ಕರೆಯುವವರು ಯಾರು? ಒಲೆ ಸರಿಯಿಲ್ಲ ಎಂದರೆ ಮನೆಯೊಡತಿ ಸರಿಯಿಲ್ಲ ಎಂದಂತೆ. ಹಾಗಾಗಿ ಕರೆ ಬೇರೆ ದಾರಿಯಿಂದ ಬರುತ್ತಿತ್ತು. ಮೊಮ್ಮಗಳ ನಾಮಕರಣವಿದೆ ಬನ್ನಿ, ಸತ್ಯನಾರಾಯಣ ಪೂಜೆಯಿದೆ ಬನ್ನಿ, ಏನೂ ಇಲ್ಲದಿದ್ದರೆ ಹಲಸಿನಕಾಯಿ ಹುಳಿ ಮಾಡಿದ್ದೇವೆ ಬನ್ನಿ. ಪಾರ್ವತವ್ವ ಹೋಗಿ, ಉಂಡು, ಕೈ ತೊಳೆದು, “ಒಂಚೂರು ಕುಡಿಯೋ ನೀರು” ಎನ್ನುತ್ತ ತಾನೇ ಒಳಗೆ ನಡೆಯುತ್ತಿದ್ದಳು. ಹದಿನೈದು ದಿನಕ್ಕೆ ಆ ಮನೆಗೆ ಗೌಂಡಿ ಬರುತ್ತಿದ್ದ. ಹೊಗೆಯ ಮಾತು ಅವರೂ ಆಡರು, ಇವಳೂ ಆಡಳು. ಕಳಿಸಿಕೊಡುವಾಗ ಒಂದು ರವಿಕೆ ಕಣ, ಎರಡು ತೆಂಗಿನಕಾಯಿ, ಪುಣ್ಯವಿದ್ದರೆ ಒಂದು ಡಬ್ಬಿ ಜೋನಿಬೆಲ್ಲ. ಒಂದು ಮನೆಯ ಹೊಗೆಯ ಸುದ್ದಿಯನ್ನು ಇನ್ನೊಂದು ಮನೆಯಲ್ಲಿ ಎತ್ತಿದವಳಲ್ಲ ಎಂಬುದೇ ಅವಳ ದೊಡ್ಡ ಹೆಸರು.

ಈ ವ್ಯವಸ್ಥೆ ಕೆಟ್ಟದ್ದು ಒಂದು ಅರ್ಜಿಯಿಂದ. ಧಾರವಾಡದ ಸಂಸ್ಥೆಯೊಂದು ಮೂರೂ ತಾಲೂಕುಗಳಲ್ಲಿ ಅರವತ್ತು ಅಡಿಕೆ ಒಲೆಗಳನ್ನು ಹೊಗೆಯಿಲ್ಲದ ಹಾಗೆ ಮಾಡಿಸಿಕೊಡಲು ಹೊರಟಿತ್ತು. ಅದಕ್ಕೊಬ್ಬ ಕನ್ಸಲ್ಟೆಂಟ್ ಬೇಕು. ಹಿಂದೆ ಮಾಡಿದ ಸಲಹೆಯ ಕೆಲಸವನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಬರೆದು, ಕಡಿಮೆಯೆಂದರೆ ಐದು ಮನೆಯವರ ಹೆಸರು, ವಿಳಾಸ, ಪತ್ರದೊಡನೆ ಕಳಿಸಬೇಕು. ಆ ಕಾಗದವನ್ನು ಪಾರ್ವತವ್ವನಿಗೆ ತಂದು ತೋರಿಸಿದವಳು ಶಾಜಿಯಾ. ಶಿರಸಿಯಲ್ಲಿ ಲಾರಿ ವ್ಯವಹಾರದ ಮನೆಯ ಹುಡುಗಿ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಪೇಟೆಯ ಅರ್ಧ ಜನರ ಅರ್ಜಿಗಳು ಅವಳ ಕೈಯಲ್ಲೇ ಆಗುವುದು.

“ಈ ಕೆಲಸ ನಿಮ್ಮದೇ ಪಾರ್ವತವ್ವ. ಬೇರೆ ಯಾರೋ ಪುಸ್ತಕ ಓದಿದವರು ಬಂದು ನಮ್ಮ ಒಲೆ ಮುರಿದು ಹೋಗ್ತಾರೆ ಅಷ್ಟೆ” ಎಂದಳು ಶಾಜಿಯಾ.

ಪಾರ್ವತವ್ವ ಬೇಡವೆನ್ನಲಿಲ್ಲ. ಐವತ್ತಾರು ವರ್ಷಕ್ಕೆ ಮೊದಲ ಸಲ ಅವಳಿಗೂ ಒಂದು ಆಸೆಯಾಯಿತು. ಅಡಿಕೆ ಒಲೆಯ ಮುಂದೆ ನಿಲ್ಲುವವರು ಎರಡು ತಿಂಗಳು ಅಳುವ ಕಣ್ಣಲ್ಲೇ ಇರುತ್ತಾರೆ. ಅಂಥ ಅರವತ್ತು ಒಲೆ, ಅದೂ ಕದ್ದುಮುಚ್ಚಿ ಅಲ್ಲ, ಹೇಳಿಕೊಂಡು. ತನ್ನ ಕೆಲಸಕ್ಕೆ ಒಂದು ಹೆಸರಿದೆ ಎಂದು ಗೊತ್ತಾದದ್ದೇ ಅವಳಿಗೆ ಆ ದಿನ.

ಶಾಜಿಯಾ ಎರಡೇ ದಿನಕ್ಕೆ ಒಂದು ಪುಟ ಬರೆದು ತಂದಳು. ಪಾರ್ವತವ್ವನಿಗೆ ಇಂಗ್ಲಿಷ್ ಬಾರದು, ಆದರೆ ತನ್ನ ವಿಷಯ ಬರೆದದ್ದನ್ನು ಕನ್ನಡದಲ್ಲಿ ಕೇಳದೆ ಬಿಡುವವಳಲ್ಲ. ಶಾಜಿಯಾ ಓದುತ್ತ ಹೋದಳು. ಹೊಗೆರಹಿತ ಒಲೆ ತಂತ್ರಜ್ಞಾನದ ಅಗ್ರಗಣ್ಯ ಪರಿಣತೆ, ಮುನ್ನೂರಕ್ಕೂ ಹೆಚ್ಚು ಒಲೆಗಳನ್ನು ನಿರ್ಮಿಸಿದವರು, ಸಾವಿರಾರು ಮಹಿಳೆಯರ ಬದುಕಿಗೆ ಬೆಳಕು ತಂದವರು.

“ಇಕಿ ಯಾರವ್ವ?” ಎಂದು ಕೇಳಿದಳು ಪಾರ್ವತವ್ವ.

“ನೀವೇ.”

“ನಾ ಒಂದ್ ಒಲೀನೂ ಕಟ್ಟಿಲ್ಲ. ಕಟ್ಟಿದಾಂವ ಗೌಂಡಿ ವೀರಪ್ಪ. ಅವನ ಅನ್ನ ನಾ ಯಾಕ ಕಸಗೊಳ್ಳಲಿ? ಮುನ್ನೂರು ಅಂತ ಯಾರು ಎಣಿಸಿದ್ರು?”

“ಮತ್ತೆ ಎಷ್ಟು?”

ಪಾರ್ವತವ್ವ ಒಳಗೆ ಹೋಗಿ ತಗಡಿನ ಪೆಟ್ಟಿಗೆ ಎತ್ತಿಕೊಂಡು ಬಂದಳು. ಮುಚ್ಚಳ ತೆಗೆದರೆ ಅಷ್ಟೂ ದಾರ. ಒಂದೊಂದು ಮನೆಗೂ ಒಂದೊಂದು ಗಂಟುದಾರ, ಸುರುಳಿ ಸುತ್ತಿ ಇಟ್ಟದ್ದು. ಶಾಜಿಯಾ ನೆಲದ ಮೇಲೆ ಕೂತು ಎಣಿಸಿದಳು, ತಪ್ಪಿತೆಂದು ಮತ್ತೊಮ್ಮೆ ಎಣಿಸಿದಳು. ಇನ್ನೂರಾ ಹದಿನೇಳು. ತಾನು ಬರೆದು ತಂದ ಪುಟವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ತುರುಕಿದಳು. ಅವಳಿಗೆ ನಾಚಿಕೆಯಾಗಿತ್ತು. ಮಕ್ಕಳಿಗೆ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದವಳು, ದೊಡ್ಡ ಮಾತು ಹಾಕಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ ಎಂದು ತಿಳಿದಿದ್ದಳು. ಇಲ್ಲಿ ಕೆಲಸವೇ ದೊಡ್ಡದಿತ್ತು, ಮಾತು ಅದಕ್ಕೆ ಅಡ್ಡ ಬಂದಿತ್ತು.

ಹೊಸದಾಗಿ ಶುರುವಾಯಿತು. ಪಾರ್ವತವ್ವ ದಾರ ಹಿಡಿಯುವುದು, ಶಾಜಿಯಾ ಟೇಪಿನಿಂದ ಅಳೆದು ಬರೆದುಕೊಳ್ಳುವುದು. ಪ್ರತಿ ಮನೆಗೂ ನಾಲ್ಕೇ ಪ್ರಶ್ನೆ. ಏನು ತೊಂದರೆ ಇತ್ತು, ನೀವು ಏನು ಕಂಡಿರಿ, ಏನು ಹೇಳಿದಿರಿ, ಆಮೇಲೆ ಏನಾಯಿತು. ಅವಳ ಕೆಲಸವನ್ನು ‘ಕಟ್ಟಿದರು’ ಎಂದು ಎಲ್ಲೂ ಬರೆಯಲಿಲ್ಲ, ‘ಸಲಹೆ ಕೊಟ್ಟರು’ ಎಂದೇ ಬರೆದಳು. ಎರಡು ಮನೆಗಳಲ್ಲಿ ತನ್ನ ಸಲಹೆ ಫಲಿಸಲಿಲ್ಲ, ಅದನ್ನೂ ಹಾಕು ಎಂದು ಪಾರ್ವತವ್ವ ಹಟ ಹಿಡಿದಳು. ಅದನ್ನೂ ಹಾಕಿದ್ದಾಯಿತು. ಒಂದೇ ಒಂದು ಕಡೆ ಇಬ್ಬರ ಗಾಡಿ ನಿಂತಿತು.

“ಇದು ಯಾರ ಮನೆ?”

“ಹನ್ನೊಂದು ಮಂದಿ ಮನಿ. ಬಾಯಿ ಭಾಳ ಅಗಲ ಇತ್ತು.”

“ಹೆಸರು ಹೇಳಿ.”

“ಹೆಸರು ಒಲಿಗೆ ಯಾಕ ಬೇಕು?”

ಶಾಜಿಯಾ ಇನ್ನೊಂದು ದಾರಿ ಹಿಡಿದಳು. ಅವಳ ಅಜ್ಜಿ ಅಮೀರುನ್ನಿಸಾ ಮದುವೆಯ ಅಡುಗೆಗೆ ಶಿರಸಿ ಪೇಟೆಯಲ್ಲೆಲ್ಲ ಹೆಸರಾದವಳು. ಅವಳ ಹಿತ್ತಲಿನ ಬಿರ್ಯಾನಿ ದೇಗಿನ ಒಲೆ ಮೊದಲು ಹೇಗೆ ಉಸಿರು ಕಟ್ಟಿಸುತ್ತಿತ್ತು, ಪಾರ್ವತವ್ವ ಬಂದುಹೋದ ಮೇಲೆ ಹೇಗೆ ಸರಿಯಾಯಿತು ಎಂಬುದನ್ನು ಶಾಜಿಯಾ ಸಣ್ಣವಳಿದ್ದಾಗಲೇ ಕಣ್ಣಾರೆ ಕಂಡಿದ್ದಳು.

“ಇದರಲ್ಲಿ ನಮ್ಮ ಮನೇದು ಯಾವ ದಾರ?”

“ನಿಮ್ಮ ಮನ್ಯಾಗ ಹೊಗಿ ಇತ್ತೇನು?” ಎಂದಳು ಪಾರ್ವತವ್ವ, ಮುಖದ ಒಂದು ಗೆರೆಯೂ ಅಲುಗದೆ. “ನಾ ಬಿರ್ಯಾನಿಗೆ ಬಂದಿದ್ದೆ. ನನಗ ಅಂತ ಬ್ಯಾರೆ ಪಲಾವ್ ಮಾಡಿದ್ಲು ನಿಮ್ಮಜ್ಜಿ, ಇನ್ನೂ ನೆನಪೈತಿ.”

ಶಾಜಿಯಾ ಪೆನ್ನು ಕೆಳಗಿಟ್ಟು ನಕ್ಕಳು. ನಗದೆ ಏನು ಮಾಡುತ್ತಾಳೆ?

ಹೆಸರು ಹೇಳದಿದ್ದರೆ ಬೇಡ, ಪತ್ರವನ್ನಾದರೂ ಕೇಳಿ ತರಿಸಿ ಎಂದಳು. ಪಾರ್ವತವ್ವ ತನಗೆ ತೀರ ಹತ್ತಿರದ ಐದು ಮನೆಗಳಿಗೆ ಫೋನು ಮಾಡಿ, ನನ್ನ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಮಾತು ಬರೆಸಿ ಕಳಿಸಿರಿ ಎಂದಳು. ಐದೂ ಬಂದವು. ಭೈರುಂಬೆಯ ಸೀತಮ್ಮನದು ಮೊಮ್ಮಗಳ ಕೈಯಲ್ಲಿ ಬರೆಸಿದ್ದು, ಅಕ್ಷರ ಮುತ್ತಿನ ಹಾಗೆ. ಶಾಜಿಯಾ ಅದನ್ನು ಕನ್ನಡ ಮಾಡಿ ಓದಿದಳು: “ಶ್ರೀಮತಿ ಪಾರ್ವತವ್ವನವರು ನಮ್ಮ ಮನೆಗೆ ಬಂದು ನಮ್ಮೊಡನೆ ಊಟ ಮಾಡಿದರು. ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು. ಅವರು ತುಂಬ ಸ್ನೇಹಮಯಿ.” ಸಿದ್ದಾಪುರದ ಪತ್ರದಲ್ಲಿ ಊಟದ ಜೊತೆ ಹಾಡೂ ಹೇಳಿದರೆಂದಿತ್ತು. ಯಲ್ಲಾಪುರದವರು ಅವಳನ್ನು ಕುಟುಂಬದ ಹಿತೈಷಿ ಎಂದಿದ್ದರು. ಐದು ಪತ್ರಗಳಲ್ಲಿ ಐದು ಊಟ. ಒಲೆ ಎಂಬ ಶಬ್ದ ಒಂದರಲ್ಲೂ ಇಲ್ಲ.

“ಇದನ್ನ ಕಳಿಸಿದ್ರೆ ನಿಮ್ಮನ್ನ ಊಟದ ಕನ್ಸಲ್ಟೆಂಟ್ ಮಾಡ್ತಾರೆ” ಎಂದಳು ಶಾಜಿಯಾ.

ಕೊನೆಗೆ ಮನೆಗಳಿಗೆ ಹೆಸರಿನ ಬದಲು ನಂಬರು ಹಾಕಿ, ಅಳತೆಗಳೊಡನೆ ಕಳಿಸಿದರು. ನಾಲ್ಕನೆಯ ದಿನ ಧಾರವಾಡದಿಂದ ಸುಮಂತ ಎಂಬ ಅಧಿಕಾರಿಯ ಉತ್ತರ ಬಂತು. ವಿವರಣೆ ಬಹಳ ಸ್ಪಷ್ಟವಾಗಿದೆ, ಇಷ್ಟು ಚೊಕ್ಕ ಅರ್ಜಿ ನಮಗೆ ಬೇರೆ ಬಂದಿಲ್ಲ. ಆದರೆ ಹೆಸರಿಲ್ಲದ ಮನೆಗಳನ್ನು ನಂಬುವುದು ಹೇಗೆ? ಶುಕ್ರವಾರದೊಳಗೆ ಐದು ಹೆಸರು ಬಾರದಿದ್ದರೆ ಅರ್ಜಿ ತಳ್ಳಿಹಾಕಬೇಕಾಗುತ್ತದೆ.

ಅವತ್ತು ಸೋಮವಾರ. ಶಾಜಿಯಾ ಕಾಲೇಜು ಮುಗಿಸಿ ನೇರ ಬಸ್ಸು ಹತ್ತಿ ಗುಡ್ನಾಪುರಕ್ಕೆ ಬಂದಳು. ಉತ್ತರ ಕೇಳಿ ಪಾರ್ವತವ್ವ ದಾರಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. “ಬ್ಯಾಡ ಬಿಡು. ನನ್ನ ನಂಬಿ ಒಳಗ ಬಿಟ್ಟಾರ. ನನ್ನ ಹೆಸರಿಗೋಸ್ಕರ ಅವರ ಹೆಸರು ಹಾಕಲಾ?”

ಶಾಜಿಯಾಳಿಗೆ ಸಿಟ್ಟು ಬಂತು. “ಹೊಗೆ ತಾನೇ ಪಾರ್ವತವ್ವ! ಕಳ್ಳತನ ಅಲ್ಲ, ಕೊಲೆ ಅಲ್ಲ. ಇದನ್ನ ಮುಚ್ಚಿಡೋಕೆ ಎಂತ ಇದೆ?”

ಪಾರ್ವತವ್ವನ ಕೈ ನಿಂತಿತು. ಅವಳು ಪೆಟ್ಟಿಗೆಯ ತಳಕ್ಕೆ ಕೈಹಾಕಿ ಒಂದು ಹಳೆಯ ದಾರ ತೆಗೆದಳು. ಅದಕ್ಕೆ ಒಂದೇ ಗಂಟು.

“ಇದು ಈ ಮನೀದು” ಎಂದಳು. “ನಮ್ಮತ್ತಿಗೆ ಕೆಮ್ಮು. ಹಗಲೂ ರಾತ್ರಿ. ಶಿರಸಿಗೆ ಕರಕೊಂಡು ಹೋದೆ. ಡಾಕ್ಟರು ಅಕೀನ್ನ ಕೇಳಲಿಲ್ಲ, ನನ್ನ ಕೇಳಿದ್ರು. ನಿಮ್ಮ ಅಡಗೀಮನ್ಯಾಗ ಹೊಗಿ ತುಂಬತೈತೇನವ್ವ ಅಂತ. ಹೊರಗ ನಮ್ಮೂರ ಮಂದಿ ಕುಂತಿದ್ರು. ಇಲ್ರಿ ಸರ, ನಮ್ಮನಿ ಒಲಿ ಚಂದ ಐತಿ ಅಂದೆ. ಅವರು ಔಷಧ ಬರದು ಕೊಟ್ರು. ಅತ್ತಿ ನನ್ನ ಮಾರಿ ನೋಡಿದ್ಲು, ಸೊಸಿ ಮರ್ಯಾದಿ ಹೋಗಬಾರದು ಅಂತ ಅಕೀನೂ ಹೌದು ಅಂತ ತಲಿ ಹಾಕಿದ್ಲು. ಮುಂದಿನ ಯುಗಾದಿಗೆ ಅಕಿ ಇರಲಿಲ್ಲ.”

ಶಾಜಿಯಾ ನೆಲದ ಮೇಲೆ ಅವಳೆದುರು ಕೂತಳು.

“ಹದಿಮೂರನೇ ದಿನ ನಾನ ಗ್ವಾಡಿ ಒಡದೆ. ಎಷ್ಟು ಒಡದ್ರ ಹೊಗಿ ಹೋಗತೈತಿ ಅಂತ ಗೊತ್ತಿರಲಿಲ್ಲ, ನೋಡಕೋತ ನೋಡಕೋತ ಒಡದೆ. ಆ ಕಿಂಡಿ ಅಳತಿ ಈ ಗಂಟು. ಎಲ್ಲಾರೂ ಯಾಕ ಮುಚ್ಚಿಡತಾರ ಅಂದ್ರ ನನಗ ಗೊತ್ತೈತಿ. ನಾನೂ ಮುಚ್ಚಿಟ್ಟಾಕಿ.” ದಾರವನ್ನು ಶಾಜಿಯಾಳ ಮುಂದೆ ಇಟ್ಟಳು. “ಬರಿ. ಈ ಮನಿ ಹೆಸರು ಹೇಳಾಕ ನನಗ ಹಕ್ಕೈತಿ. ಇದನ್ನ ಮೊದಲನೇದು ಮಾಡಿ ಬರಿ.”

ಶಾಜಿಯಾ ಅಲ್ಲೇ ಬರೆದಳು. ಒಂದು ದೊಡ್ಡ ಮಾತಿಲ್ಲ, ಒಂದು ವಿಶೇಷಣ ಇಲ್ಲ. ಮೊದಲ ಮನೆ, ಗುಡ್ನಾಪುರ, ಸ್ವಂತದ್ದು. ತೊಂದರೆ: ಕೊಳವೆಯಿಲ್ಲದ ಒಲೆ, ಮನೆಯವರಿಗೆ ಎಂಟು ವರ್ಷ ಕೆಮ್ಮು. ಕೊಟ್ಟ ಸಲಹೆ: ಇಲ್ಲ, ವೈದ್ಯರು ಕೇಳಿದಾಗ ಹೊಗೆಯನ್ನು ಮರೆಮಾಚಲಾಯಿತು. ಪರಿಣಾಮ: ಅತ್ತೆಯವರ ಮರಣ, ಅನಂತರ ಗೋಡೆ ಒಡೆದು ಹನ್ನೊಂದು ಇಂಚಿನ ಕಿಂಡಿ. ಇಷ್ಟು ಬರೆದು ಕನ್ನಡದಲ್ಲಿ ಓದಿ ಹೇಳಿದಳು. ‘ಮರೆಮಾಚಲಾಯಿತು’ ಅನ್ನುವಲ್ಲಿ ಪಾರ್ವತವ್ವ ತಡೆದಳು. “ಯಾರು ಮರೆಮಾಚಿದ್ರು ಅಂತ ಬರಿ.” ಶಾಜಿಯಾ ತಿದ್ದಿದಳು: ನಾನು ಮರೆಮಾಚಿದೆ. ಪಾರ್ವತವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಈಗ ಸರಿ ಇದೆ ಎಂದಳು. ಅಷ್ಟು ವರ್ಷದಲ್ಲಿ ಅವಳ ಎದೆ ಅಷ್ಟು ಹಗುರಾದದ್ದು ಅವತ್ತೇ.

“ಇದನ್ನ ನಾಲ್ಕು ಜನರಿಗೆ ತೋರಿಸ್ಲಾ?” ಎಂದು ಶಾಜಿಯಾ ಕೇಳಿದಳು.

“ನಂದು ತಾನೇ? ತೋರಿಸು.”

ಮಾರನೆಯ ದಿನ ಶಾಜಿಯಾ ಮೊದಲು ತೋರಿಸಿದ್ದು ಮನೆಯಲ್ಲೇ, ಅಜ್ಜಿಗೆ. ತಮ್ಮ ಒಲೆಯ ಮಾತೂ ಹೊರಗೆ ಬರುತ್ತದೆಂದು ಅಜ್ಜಿ ಮುಖ ತಿರುಗಿಸಿದಳು. ಆಮೇಲೆ ಊಟದ ಪತ್ರ ಬರೆದ ಐದೂ ಮನೆಗಳಿಗೆ ಮೊದಲ ಮನೆಯ ಆ ವಿವರವನ್ನು ಕನ್ನಡದಲ್ಲಿ ಬರೆದು ವಾಟ್ಸಾಪಿನಲ್ಲಿ ಕಳಿಸಿದಳು. ಪತ್ರ ಕೊಡಿ ಎಂದು ಕೇಳಲೂ ಇಲ್ಲ.

ಬುಧವಾರ ಬೆಳಿಗ್ಗೆ ಪಾರ್ವತವ್ವ ದನಕ್ಕೆ ಹುಲ್ಲು ಹಾಕುತ್ತಿದ್ದಾಗ ಫೋನು ಬಂತು. ಭೈರುಂಬೆಯ ಸೀತಮ್ಮ. ಈಕೆ ಎದುರಿನವರ ಭಾಷೆ ನೋಡಿ ಮಾತಾಡುವ ನಾಜೂಕಿನ ಹೆಂಗಸು. ಅವತ್ತು ಅದೆಲ್ಲ ಬಿಟ್ಟು ತನ್ನ ಹವ್ಯಕ ಮನೆಮಾತಿನಲ್ಲೇ ಶುರುಮಾಡಿದ್ದಳು.

“ಪಾರ್ವತಕ್ಕ, ಆನು ಎಂತ ಪತ್ರ ಬರೆಸಿದ್ದು ಮಾರಾಯ್ತಿ, ಪಾಯಸದ್ದು! ಎಂಗ್ಳ ಮನೇಲಿ ಹದ್ನಾಲ್ಕು ವರ್ಷ ಹೊಗೆ ಇತ್ತು. ಈಗ ಇಲ್ಲೆ. ಅಷ್ಟು ಹೇಳಲೆ ಎಂತಕ್ಕೆ ನಾಚ್ಕೆ? ಆನೇ ಬರೆದು ಕೊಡ್ತೆ. ಹೆಸರು ಹಾಕು, ಫೋಟೋ ಬೇಕಾದ್ರೂ ಹಾಕು.”

ಗುರುವಾರ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಶಾಜಿಯಾಳ ಕೈಗೆ ಪತ್ರಗಳು ಸೇರತೊಡಗಿದವು. ಕೆಲವು ಬಸ್ಸಿನ ಕಂಡಕ್ಟರ ಕೈಯಲ್ಲಿ, ಕೆಲವು ಮಗನ ಬೈಕಿನಲ್ಲಿ. ವಾಟ್ಸಾಪ್ ಕಳಿಸದ ಮನೆಗಳಿಂದಲೂ ಬಂದವು, ಏಕೆಂದರೆ ಸೀತಮ್ಮ ತನ್ನ ಪತ್ರ ಬರೆದು ಸುಮ್ಮನೆ ಕೂರಲಿಲ್ಲ, ಯಾರ ಮನೆಗೆ ಗೌಂಡಿ ವೀರಪ್ಪ ಯಾವಾಗ ಹೋಗಿದ್ದನೆಂದು ಅವಳಿಗೆ ಬಾಯಿಪಾಠವಿತ್ತು. ಒಂದು ಪತ್ರದಲ್ಲಿ, ಹೊಗೆ ಎಂದು ಹೇಳಲಾಗದೆ ನನ್ನ ಕಣ್ಣಲ್ಲೇ ದೋಷವಿದೆ ಎಂದು ಕನ್ನಡಕ ಮಾಡಿಸಿಕೊಂಡಿದ್ದೆ ಎಂದಿತ್ತು. ಇನ್ನೊಂದರಲ್ಲಿ, ನಮ್ಮ ಅಡಿಕೆ ಒಲೆಗೆ ಕೆಲಸಕ್ಕೆ ಬಂದವಳು ಎರಡನೇ ದಿನ ನಿಲ್ಲುತ್ತಿರಲಿಲ್ಲ, ಅವಳೇ ಸೋಮಾರಿ ಎಂದು ಬೈದಿದ್ದೆವು, ತಪ್ಪು ನಮ್ಮದು ಎಂದಿತ್ತು. ಎಲ್ಲಕ್ಕಿಂತ ಕೊನೆಗೆ ಬಂದದ್ದು ಅಮೀರುನ್ನಿಸಾಳದು. ಮೂರು ದಿನ ಮೊಮ್ಮಗಳ ಜೊತೆ ಮಾತು ಬಿಟ್ಟಿದ್ದ ಅಜ್ಜಿ, ತಾನೇ ಉರ್ದುವಿನಲ್ಲಿ ಎರಡು ಸಾಲು ಗೀಚಿ, ನಿನ್ನ ಇಂಗ್ಲಿಷಿನಲ್ಲಿ ಇದನ್ನು ಸಿಹಿ ಮಾಡಬೇಡ, ಇದ್ದ ಹಾಗೆ ಬರೆ ಎಂದು ತಾಕೀತು ಮಾಡಿ ಕೊಟ್ಟಿದ್ದಳು.

ಶಾಜಿಯಾ ಇದ್ದ ಹಾಗೆ ಬರೆದಳು. ಹತ್ತೊಂಬತ್ತು ಮನೆ, ಹತ್ತೊಂಬತ್ತು ಹೆಸರು. ಪಾರ್ವತವ್ವ ಪೆಟ್ಟಿಗೆ ತೆಗೆದು, ಒಂದು ಸಲವೂ ತಡವರಿಸದೆ, ಹೆಸರಿಗೆ ಸರಿಯಾಗಿ ಹತ್ತೊಂಬತ್ತು ದಾರ ಎತ್ತಿ ಕೊಟ್ಟಳು. ಶುಕ್ರವಾರ ಮಧ್ಯಾಹ್ನ ಎಲ್ಲವೂ ಧಾರವಾಡಕ್ಕೆ ಹೋಯಿತು.

ಮುಂದಿನ ವಾರ ಸಂದರ್ಶನ. ಮೂವರು ಕೂತಿದ್ದರು, ನಡುವೆ ಸುಮಂತ. ಅವನ ಮುಂದೆ ಅರ್ಜಿಯ ಮೊದಲ ಪುಟವೇ ತೆರೆದಿತ್ತು. “ಅಮ್ಮಾ, ಅನುಭವ ಬರೆಯುವಾಗ ಎಲ್ಲರೂ ಗೆದ್ದದ್ದನ್ನ ಮೇಲೆ ಹಾಕ್ತಾರೆ. ನೀವು ಯಾಕೆ ಇದನ್ನ ಮೊದಲು ಹಾಕಿದ್ರಿ?” ಎಂದು ಕೇಳಿದ.

“ಮೊದಲು ಆಗಿದ್ದು ಅದ ರೀ” ಎಂದಳು ಪಾರ್ವತವ್ವ. “ಉಳಿದ ಇನ್ನೂರಾ ಹದಿನಾರೂ ಅದರಿಂದನ ಬಂದಾವ.”

ಸುಮಂತ ದಾರಗಳ ಕಟ್ಟು ಬಿಚ್ಚಿದ. ಪಕ್ಕದವರಿಬ್ಬರು ದಾರಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ತಿಂಗಳೊಳಗೆ ಆದೇಶದ ಕಾಗದ ಬಂತು, ಪಾರ್ವತವ್ವನ ಹೆಸರಿನ ಕೆಳಗೆ ಕನ್ಸಲ್ಟೆಂಟ್ ಎಂದು ಅಚ್ಚಾಗಿತ್ತು. ಅವಳು ಅದನ್ನು ಪೆಟ್ಟಿಗೆಯೊಳಗೆ ದಾರಗಳ ಮೇಲೆ ಇಟ್ಟಳು. ಕಟ್ಟುಹಾಕಿಸಿ ಗೋಡೆಗೆ ತೂಗುಹಾಕೋಣ ಎಂದು ಶಾಜಿಯಾ ಎಷ್ಟು ಹೇಳಿದರೂ ಒಪ್ಪಲಿಲ್ಲ, ಮೊಳೆ ಹೊಡೆದರೆ ಗೋಡೆ ಬಿರಿಯುತ್ತದಂತೆ. ಸಂತೋಷ ಎಷ್ಟಿತ್ತೆಂದರೆ, ದಿನಕ್ಕೆ ಎರಡು ಸಲ ಪೆಟ್ಟಿಗೆ ತೆಗೆದು ನೋಡುತ್ತಿದ್ದಳು. ಅದನ್ನು ಬೇಕಾದರೆ ಮುಚ್ಚಿಟ್ಟುಕೊಳ್ಳಲಿ.

ಅರವತ್ತರಲ್ಲಿ ಮೊದಲನೆಯದು ಮಂಚಿಕೇರಿಯ ವೆಂಕಟ್ರಮಣ ಹೆಗಡೆಯವರ ಅಡಿಕೆ ಒಲೆ. ಇದೇ ಮನೆಗೆ ಆರು ವರ್ಷದ ಹಿಂದೆ ಹೋಳಿಗೆ ಊಟಕ್ಕೆಂದು ಕರೆಸಿಕೊಂಡಿದ್ದರು, ಒಲೆಯ ಹತ್ತಿರ ಹೋಗುವ ಮೊದಲೇ ನೆಂಟರು ಬಂದುಬಿಟ್ಟು, ಹೊಗೆಯನ್ನು ಹಾಗೇ ಬಿಟ್ಟು ಬರಬೇಕಾಗಿತ್ತು. ಪಾರ್ವತವ್ವ ಬಸ್ಸಿಳಿದು ನಡೆದು ಬಂದಾಗ ಒಳಗೆ ಬಾಳೆಯೆಲೆ ತೊಳೆದಿಟ್ಟಿದ್ದರು, ಹೋಳಿಗೆಯ ಪರಿಮಳವೂ ಇತ್ತು. ಅಂಗಳದಲ್ಲಿ ಕೆಲಸದವರು, ಪಕ್ಕದ ಮನೆಯವರು, ಯಾವುದೋ ಲೆಕ್ಕಕ್ಕೆ ಬಂದ ಇಬ್ಬರು ನಿಂತಿದ್ದರು. ಹೆಗಡೆಯವರ ಹೆಂಡತಿ ಗೇಟಿನ ತನಕ ಬಂದು, ಅಷ್ಟೂ ಜನಕ್ಕೆ ಕೇಳುವ ಹಾಗೆ ಹೇಳಿದಳು.

“ಬನ್ನಿ ಪಾರ್ವತವ್ವ. ನಮ್ಮ ಒಲೆ ಹೊಗೆ ಆಡ್ತಾ ಇದೆ. ನೋಡಿ ಹೇಳಿ.”

ಪಾರ್ವತವ್ವ ಅಲ್ಲೇ ನಿಂತಳು. ಸೊಂಟದಿಂದ ಹೊಸ ದಾರ ತೆಗೆದಳು.

“ಎಲಿ ಆಮ್ಯಾಲೆ ಹಾಕ್ರಿ” ಎಂದಳು. “ಮೊದಲು ಒಲಿ ತೋರಸ್ರಿ.”